ಮೂವತ್ತನಾಲ್ಕು ಬಿಳಿ ಗುಂಡಿ

ಸಕ್ಕರೆ ಕಿಲೋಗೆ ಸಾವಿರದ ಇನ್ನೂರು ಪೆಸೊ. ಮಾಟೆಯ ಎಲೆಪುಡಿ ಅರ್ಧ ಕಿಲೋಗೆ ಎರಡು ಸಾವಿರ. ಬಿಳಿ ದಾರದ ಉಂಡೆಗೆ ಒಂಬೈನೂರು. ಯಮಿಲಾ ಕೈಯಲ್ಲಿದ್ದ ನೋಟುಗಳನ್ನು ಅಂಗಡಿ ಕಿಟಕಿಯ ಕಟ್ಟೆ ಮೇಲೆ ಹರಡಿ ಎರಡು ಸಲ ಎಣಿಸಿದಳು. ಎರಡು ಸಲವೂ ನಾಲ್ಕು ಸಾವಿರವೇ ಬಂತು.

"ನೂರು ಕಡಿಮೆ ಇದೆ ದೋನ್ಯಾ ಚೀಚಾ."

ಕಿಟಕಿಯ ಒಳಗೆ ಕೂತಿದ್ದ, ಹಿರಿಯಳೆಂದು ಎಲ್ಲರೂ 'ದೋನ್ಯಾ' ಅನ್ನುತ್ತಿದ್ದ ಚೀಚಾ ಬೀಸಣಿಗೆ ನಿಲ್ಲಿಸಿದಳು. ಆ ಬೀದಿಗೆ ಇದ್ದದ್ದು ಅವಳದೊಂದೇ ಅಂಗಡಿ. ಅಂಗಡಿ ಅಂದರೆ ಅವಳ ಮನೆಯ ಮುಂದಿನ ಕೋಣೆ ಅಷ್ಟೇ.

"ಹಂಗಾದ್ರೆ ಏನು ಬಿಡ್ತೀಯಾ? ದಾರಾನೋ ಸಕ್ಕರೇನೋ?"

"ಸಕ್ಕರೆ ಬಿಡಕ್ಕಾಗಲ್ಲ."

"ದಾರ ಬಿಟ್ರೆ ನನ್ನ ಮೊಮ್ಮಗನ ಮೇಲಂಗೀನ ನಿಮ್ಮಜ್ಜಿ ಏನು ಕೂದಲಲ್ಲಿ ಹೊಲೀತಾಳಾ? ನಾಳೆ ನಹುಯೆಲ್ ಶಾಲೆಗೆ ಅದನ್ನೇ ಹಾಕ್ಕೊಂಡು ಹೋಗ್ಬೇಕು. ತಗೋ, ಎರಡೂ ತಗೋ. ಸಂಜೆ ಬಂದು ನೂರು ಪೆಸೊ ಮಾಟೆ ಕುಡಿದು ಹೋಗ್ತೀನಿ."

ಯಮಿಲಾ ನಕ್ಕಳು. ಚೀಚಾ ಸಕ್ಕರೆ ಪೊಟ್ಟಣವನ್ನು ಕೈಗೆ ಕೊಡದೆ ಹಾಗೇ ಹಿಡಿದುಕೊಂಡಳು.

"ಅಲ್ವೇ, ಶುಕ್ರವಾರ ಒಂದು ಕಿಲೋ ಕೊಟ್ಟಿದ್ದೆ. ಇವತ್ತು ಸೋಮವಾರ. ಮನೇಲಿರೋದು ಮೂರು ಜನ. ಜೇನು ಸಾಕ್ತಿದ್ದೀರೇನೆ?"

ಯಮಿಲಾ ಕೈ ಚಾಚಿ ಅದನ್ನು ಇಸಿದುಕೊಂಡಳು. ಪೊಟ್ಟಣವನ್ನು ಎದೆಗವಚಿಕೊಂಡು ಬಿಸಿಲಿಗೆ ಇಳಿದಳು. ಅಲ್ಲಿ ಬೇಸಿಗೆ ಮುಗಿಯುವ ಮಾರ್ಚ್ ಬಂದಿದ್ದರೂ ಸೆಖೆ ಇಳಿದಿರಲಿಲ್ಲ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಬೀದಿ ಇನ್ನೂ ಆಕಳಿಸುತ್ತಿತ್ತು. ನಾಯಿಗಳಿಗೂ ಬೊಗಳುವ ಮನಸ್ಸಿರಲಿಲ್ಲ.

ಅಂಗಳದ ಮುಳ್ಳುಮರದ ನೆರಳಲ್ಲಿ ಅಜ್ಜಿ ಎರ್ಮಿಂಡಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಆ ದೇಶದಲ್ಲಿ ಶಾಲೆಗೆ ಹೋಗುವ ಪ್ರತಿ ಮಗುವೂ ಬಟ್ಟೆಯ ಮೇಲೆ ಮಂಡಿವರೆಗಿನ ಬಿಳಿ ಮೇಲಂಗಿ ತೊಡಬೇಕು. ಮುಂದೆ ಏಳು ಗುಂಡಿ, ಎರಡು ಜೇಬು. ಆ ಬಡಾವಣೆಯ ಅರ್ಧ ಮಕ್ಕಳ ಮೇಲಂಗಿ ಅಜ್ಜಿಯ ಕೈಯಿಂದಲೇ ಬಂದದ್ದು. ಒಂದು ಹೊಲಿದರೆ ಎಂಟು ಸಾವಿರ ಪೆಸೊ. ಬಸ್ ನಿಲ್ದಾಣದಲ್ಲಿ ನೆಲ ಒರೆಸುವ ಅಮ್ಮನ ಸಂಬಳಕ್ಕೆ ಅದು ಸೇರಿದರೆ ಮಾತ್ರ ತಿಂಗಳು ದಾಟುತ್ತಿತ್ತು.

"ಬಂದ್ಯಾ ಪುಟ್ಟಿ? ಈ ಸೂಜಿಗೆ ದಾರ ಪೋಣಿಸಿಕೊಡು. ದರಿದ್ರದ್ದು ಇವತ್ತು ಎರಡೆರಡು ಕಾಣ್ತಿದೆ."

ಯಮಿಲಾ ಪೋಣಿಸಿದಳು. ಹೋದ ವರ್ಷ ದಿನಕ್ಕೆ ಒಂದು ಸಲ ಕರೆಯುತ್ತಿದ್ದ ಅಜ್ಜಿ ಈಗ ಹತ್ತು ಸಲ ಕರೆಯುತ್ತಿದ್ದಳು.

"ದಣಿವಾಗ್ತಿದ್ಯಾ ಅಜ್ಜಿ?"

"ಎದ್ದಾಗ್ಲೇ ದಣಿದಿರ್ತೀನಿ. ಇನ್ನು ಕೆಲಸ ಮಾಡಿದ್ಮೇಲೆ ಏನು ಹೊಸದು? ನೀರಿಡು, ಮಾಟೆ ಕುಡಿಯೋಣ."

ಯಮಿಲಾಗೆ ಹತ್ತು ವರ್ಷ. ಆ ಮನೆಯಲ್ಲಿ ಮಾಟೆ ಹುಯ್ಯುವ ಕೆಲಸ ಅವಳದೇ. ಏಳು ವರ್ಷವಿದ್ದಾಗ ಅಜ್ಜಿಯೇ ಕಲಿಸಿದ್ದಳು. ಸಣ್ಣ ಸೋರೆಬುರುಡೆಗೆ ಎಲೆಪುಡಿ ತುಂಬಬೇಕು. ಲೋಹದ ಕೊಳವೆ ಸಿಗಿಸಬೇಕು. ಕೊಳವೆಯ ಬುಡಕ್ಕೆ ಒಂದು ಚಮಚ ಸಕ್ಕರೆ ಹಾಕಿ, ಕುದಿಯುವ ಮುಂಚೆ ಇಳಿಸಿದ ನೀರನ್ನು ನಿಧಾನ ಹುಯ್ಯಬೇಕು. ಮೊದಲನೆಯದನ್ನು ಹುಯ್ಯುವವರೇ ಕುಡಿಯಬೇಕು. ಆಮೇಲೆ ಒಂದೇ ಬುರುಡೆ ಕೈಯಿಂದ ಕೈಗೆ ಹೋಗುತ್ತದೆ. ನಾಲ್ಕು ಗುಟುಕಿಗೆ ಖಾಲಿ. ವಾಪಸ್ ಬರುತ್ತದೆ. ಮತ್ತೆ ಸಕ್ಕರೆ, ಮತ್ತೆ ನೀರು.

ಕುಡಿದವರು ಬುರುಡೆ ಹಿಂದಿರುಗಿಸುವಾಗ 'ಗ್ರಾಸಿಯಾಸ್' ಎಂದು ಧನ್ಯವಾದ ಹೇಳಿದರೆ ಅವರಿಗೆ ಸಾಕಾಯಿತು ಎಂದು ಲೆಕ್ಕ. ಅನ್ನದಿದ್ದರೆ ಹುಯ್ಯುತ್ತಲೇ ಇರಬೇಕು. ಯಾರು ಎಷ್ಟು ಕುಡಿದರು ಎಂದು ಎಣಿಸುವಂತಿಲ್ಲ. ಅದು ಊಟಕ್ಕೆ ಕೂತವರ ತುತ್ತು ಎಣಿಸಿದಷ್ಟೇ ಕೆಟ್ಟದ್ದು.

ಕೆಟಲ್ ಖಾಲಿಯಾಗುವ ಮುಂಚೆ ಅಜ್ಜಿ 'ಗ್ರಾಸಿಯಾಸ್' ಅಂದದ್ದನ್ನು ಯಮಿಲಾ ಕೇಳಿಯೇ ಇರಲಿಲ್ಲ.

ಸಂಜೆ ಚೀಚಾ ಬಂದಳು, ಕುಡಿದಳು, ಇಡೀ ಬೀದಿಯ ಸುದ್ದಿ ಹೇಳಿದಳು. ಅಜ್ಜಿ ನಗುತ್ತ ನಗುತ್ತಲೇ ನಹುಯೆಲ್‌ನ ಮೇಲಂಗಿ ಮುಗಿಸಿ ಮಡಿಸಿ ಕೊಟ್ಟಳು.

"ಈ ಬೀದೀಲಿ ನಮ್ಮ ಪುಟ್ಟಿ ಹಂಗೆ ಮಾಟೆ ಹುಯ್ಯೋರು ಇನ್ನೊಬ್ರಿಲ್ಲ ನೋಡು," ಎಂದಳು. ದಿನವೂ ಅನ್ನುವ ಮಾತು. ದಿನವೂ ಯಮಿಲಾಗೆ ಅದು ಹೊಸದೇ.

ಮರುದಿನ ಶಾಲೆಯಲ್ಲಿ ಗಣಿತದ ಹೊತ್ತಿಗೆ ಯಮಿಲಾಗೆ ಕಣ್ಣು ಎಳೆಯುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಮೊದಲ ಕೆಟಲ್ ಇಡುವವಳು ಅವಳೇ. ತಿಂಡಿ ಅಂದರೆ ಕೆಂಡದ ಮೇಲೆ ಸುಟ್ಟ ರೊಟ್ಟಿಯ ಒಂದು ಚೂರು, ಜೊತೆಗೆ ಸಿಹಿ ಮಾಟೆ. ಹತ್ತು ಗಂಟೆಗೆಲ್ಲ ಹೊಟ್ಟೆ ಖಾಲಿ, ತಲೆ ಭಾರ.

ಆಟದ ಬಿಡುವಿನಲ್ಲಿ ಚೀಚಾಳ ಮೊಮ್ಮಗ ನಹುಯೆಲ್ ಎದುರು ಬಂದು ನಿಂತ. ಹೊಸ ಮೇಲಂಗಿ ಫಳಫಳ ಅನ್ನುತ್ತಿತ್ತು.

"ಯಮಿ, ಒಂದ್ ನಿಮಿಷ. ನನ್ನ ಜೇಬಲ್ಲಿ ಕೈ ಹಾಕು ನೋಡೋಣ."

"ಯಾಕೆ, ಕಪ್ಪೆ ಇಟ್ಕೊಂಡಿದ್ದೀಯಾ?"

"ಕಪ್ಪೆ ಹೋಗಕ್ಕಾದ್ರೂ ದಾರಿ ಬೇಡ್ವಾ?"

ಜೇಬಿನ ಬಾಯಿ ಹೊಲಿದುಹೋಗಿತ್ತು. ನಾಲ್ಕೂ ಕಡೆ ನೇರವಾದ, ಗಟ್ಟಿಯಾದ, ಚಂದದ ಹೊಲಿಗೆ. ಸುತ್ತ ಇದ್ದ ಹುಡುಗರು ಗೊಳ್ಳೆಂದರು.

"ಇವನು ಚಾಕ್‌ಪೀಸ್ ಕದೀತಾನೆ ಅಂತ ಅಜ್ಜಿಗೆ ಗೊತ್ತಾಗಿದೆ ಕಣೋ!"

"ಜೇಬಲ್ಲ ಅದು, ಸ್ಟಿಕರ್!"

ನಹುಯೆಲ್ ಕೂಡ ನಗುತ್ತಿದ್ದ. ಯಮಿಲಾ ನಗಲಿಲ್ಲ. ಬಟ್ಟೆಯ ತುದಿ ಎಲ್ಲಿ, ಜೇಬಿನ ಬಾಯಿ ಎಲ್ಲಿ ಎಂದು ಅಜ್ಜಿಗೆ ಕಂಡಿಲ್ಲ. ಅದು ಅವಳಿಗೆ ಒಂದೇ ನೋಟಕ್ಕೆ ಅರ್ಥವಾಯಿತು.

"ನಿಮ್ಮಜ್ಜಿಗೆ ತೋರಿಸ್ಬೇಡ ನಹುಯೆಲ್. ನಾನು ಬಿಚ್ಚಿ ಕೊಡ್ತೀನಿ."

"ಸರಿ. ಆದ್ರೆ ಆ ಕಡೆ ಜೇಬಿಗೆ ಬಾಯಿ ಇದೆ. ಎರಡನ್ನೂ ಕಿತ್ತಾಕ್ಬೇಡ."

ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಯಮಿಲಾ ಬಾಗಿಲ ಮೆಟ್ಟಿಲಲ್ಲಿ ಕೂತು ಪುಟ್ಟ ಕತ್ತರಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಹಿಂದಿನಿಂದ ನೆರಳು ಬಿತ್ತು. ಅಜ್ಜಿ ಎದ್ದು ಬಂದಿದ್ದಳು. ಮೇಲಂಗಿಯನ್ನು ಕೈಗೆ ತೆಗೆದುಕೊಂಡು ಜೇಬಿನ ಮೇಲೆ ಬೆರಳಾಡಿಸಿದಳು. ಅಜ್ಜಿಯ ಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಅದನ್ನು ಮಡಿಸಿ ಯಮಿಲಾಳ ಮಡಿಲಿಗಿಟ್ಟಳು. ಆಮೇಲೆ, "ನಾಳೆ ಆರೋಗ್ಯ ಕೇಂದ್ರಕ್ಕೆ ಹೋಗೋಣ. ನೀನೂ ಬಾ, ಬೋರ್ಡ್ ಓದಕ್ಕೆ ಬೇಕಾಗುತ್ತೆ," ಎಂದಳು.

ಕೇಂದ್ರದ ನರ್ಸ್ ಗ್ರಿಸೆಲ್ಡಾ ಅಜ್ಜಿಯ ಬೆರಳಿಗೆ ಸೂಜಿ ಚುಚ್ಚಿದಳು. ಪುಟ್ಟ ಯಂತ್ರ ಕೀಕ್ ಅಂದಿತು.

"ಮುನ್ನೂರ ಹನ್ನೆರಡು!" ಗ್ರಿಸೆಲ್ಡಾ ಕನ್ನಡಕ ಹಣೆಗೇರಿಸಿದಳು. "ದೋನ್ಯಾ ಎರ್ಮಿಂಡಾ, ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೋಬೇಕು, ಸಿಹಿ ಮುಟ್ಬಾರ್ದು ಅಂತ ಎರಡು ವರ್ಷದಿಂದ ಹೇಳ್ತಿದ್ದೀನಿ."

"ಮಾತ್ರೆ ನುಂಗ್ತಿದ್ದೀನಮ್ಮ. ಸಿಹಿ ಎಲ್ಲಿ ಮುಟ್ತೀನಿ? ನನ್ನ ಹುಟ್ಟುಹಬ್ಬಕ್ಕೆ ನನ್ನ ಕೇಕ್ ನಾನೇ ತಿನ್ಲಿಲ್ಲ. ಎಲ್ರೂ ತಿಂದ್ರು, ನಾನು ಮೇಣದಬತ್ತಿ ನೋಡ್ಕೊಂಡು ಕೂತಿದ್ದೆ."

"ಮಾಟೆ? ಕಹಿನೋ ಸಿಹಿನೋ?"

"ಸ್ವಲ್ಪ ಸಿಹಿ."

"ಎಷ್ಟು ಸ್ವಲ್ಪ?"

"ನಂಗೇನು ಗೊತ್ತು? ನಾನು ಚಮಚ ಹಿಡಿಯಲ್ಲ. ಹಾಕೋದು ಇವಳು."

ಗ್ರಿಸೆಲ್ಡಾ ಯಮಿಲಾಳ ಕಡೆ ತಿರುಗಿದಳು. "ಎಷ್ಟು ಹಾಕ್ತೀಯಾ ಮರಿ?"

ಯಮಿಲಾ ಅಜ್ಜಿಯನ್ನು ನೋಡಿದಳು. ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖ ಹಾಗಿರಲಿಲ್ಲ. ಯಮಿಲಾ ಹಾಕುತ್ತಿದ್ದದ್ದೂ ಪ್ರತಿ ಸಲ ಒಂದೇ ಚಮಚ.

"ಸ್ವಲ್ಪ," ಎಂದಳು.

ಗ್ರಿಸೆಲ್ಡಾ ಚೀಟಿಯಲ್ಲಿ ಹಾಗೇ ಬರೆದುಕೊಂಡಳು. "ಹಂಗಾದ್ರೆ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಆಯ್ತು. ಐದು ವಾರ ನೋಡೋಣ. ಇಳೀದಿದ್ರೆ ಡಾಕ್ಟರು ದಿನಾ ಇಂಜೆಕ್ಷನ್ ಅಂತಾರೆ. ಕಣ್ಣಿನ ಡಾಕ್ಟರಿಗೂ ಚೀಟಿ ಬರೀತೀನಿ. ಹಿಂಗೇ ಬಿಟ್ರೆ ಕಣ್ಣು ಹೋಗುತ್ತೆ ದೋನ್ಯಾ. ಹೊಲಿಗೆ ಮರ್ತುಬಿಡ್ಬೇಕಾಗುತ್ತೆ."

ವಾಪಸ್ ಬರುವಾಗ ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ನಡೆದಳು. ಎಂದಿಗಿಂತ ಭಾರವಾಗಿ ಹಿಡಿದಿದ್ದಳು. ಯಮಿಲಾಗೆ ಚೀಚಾಳ ಮಾತು ನೆನಪಾಯಿತು. ಜೇನು ಸಾಕ್ತಿದ್ದೀರೇನೆ? ಸ್ವಲ್ಪ ಸ್ವಲ್ಪವೇ ಹಾಕಿದರೆ ಕಿಲೋ ಸಕ್ಕರೆ ಮೂರು ದಿನಕ್ಕೆ ಎಲ್ಲಿ ಹೋಗುತ್ತದೆ?

ಶನಿವಾರ ಅವಳು ಮಾಡಬಾರದ ಕೆಲಸ ಮಾಡಿದಳು. ಎಣಿಸಿದಳು.

ಅಜ್ಜಿಯ ಗುಂಡಿ ಪೆಟ್ಟಿಗೆಯಿಂದ ಒಂದು ಹಿಡಿ ಬಿಳಿ ಗುಂಡಿ ಎತ್ತಿ ಜೇಬಿಗೆ ಹಾಕಿಕೊಂಡಳು. ಒಲೆಯ ಹಿಂದೆ ಒಂದು ಗಾಜಿನ ಡಬ್ಬಿ ಬಚ್ಚಿಟ್ಟಳು. ಅಜ್ಜಿಯ ಸರದಿಗೆ ಒಂದು ಚಮಚ ಸಕ್ಕರೆ ಹಾಕಿದಾಗಲೆಲ್ಲ ಡಬ್ಬಿಗೆ ಒಂದು ಗುಂಡಿ. ಅಮ್ಮನದು, ಚೀಚಾಳದು, ತನ್ನದು ಲೆಕ್ಕಕ್ಕಿಲ್ಲ. ಅಜ್ಜಿಯದು ಮಾತ್ರ.

ಬೆಳಗಿನ ಕೆಟಲ್‌ಗೆ ಹದಿನಾಲ್ಕು. ಊಟಕ್ಕೆ ಮುಂಚೆ ಆರು. ನಿದ್ದೆಯಿಂದ ಎದ್ದ ಮೇಲೆ, ಚೀಚಾ ಬಂದು ಹೋಗುವಷ್ಟರಲ್ಲಿ, ಇನ್ನೂ ಹದಿನಾಲ್ಕು.

ಅಮ್ಮ ನೊರ್ಮಾ ಕೆಲಸದಿಂದ ಬಂದು, ಚಪ್ಪಲಿ ಕಳಚಿ, ಕಾಲು ನೀರಲ್ಲಿಟ್ಟುಕೊಂಡು ಕೂತಿದ್ದಳು. ಯಮಿಲಾ ಡಬ್ಬಿ ತಂದು ತೋರಿಸಿದಳು.

"ಏನೇ ಇದು?"

"ಅಜ್ಜಿ ಇವತ್ತು ಕುಡಿದ ಸಕ್ಕರೆ. ಮೂವತ್ತನಾಲ್ಕು ಚಮಚ."

ಅಮ್ಮ ಡಬ್ಬಿ ನೋಡಿದಳು. ಕಣ್ಣು ಮುಚ್ಚಿಕೊಂಡಳು. "ಅವಳಿಗೆ ಇರೋದು ಅದೊಂದೇ ಸುಖ ಕಣೇ. ಸಿನಿಮಾ ನೋಡಲ್ಲ, ಜಾತ್ರೆಗೆ ಹೋಗಲ್ಲ. ಅದನ್ನೂ ಕಿತ್ಕೊಂಡ್ರೆ ಏನುಳಿಯುತ್ತೆ? ಎಣಿಸೋದೆಲ್ಲ ಮಾಡ್ಬೇಡ. ಒಳ್ಳೇದಲ್ಲ."

"ಕಣ್ಣು ಹೋದ್ರೆ?"

ಅಮ್ಮ ತಲೆಯನ್ನು ಗೋಡೆಗೆ ಒರಗಿಸಿದಳು. ಕೂತಲ್ಲೇ ನಿದ್ದೆ ಹೋಗಿದ್ದಳೋ, ಹೋದವಳಂತೆ ಇದ್ದಳೋ ಯಮಿಲಾಗೆ ಗೊತ್ತಾಗಲಿಲ್ಲ.

ಭಾನುವಾರ ಅವಳು ಇನ್ನೊಂದು ಉಪಾಯ ಮಾಡಿದಳು. ಯಾರಿಗೂ ಹೇಳದೆ ಅರ್ಧ ಚಮಚಕ್ಕೆ ಇಳಿಸಿದಳು. ಅಜ್ಜಿ ಒಂದು ಗುಟುಕು ಎಳೆದು ಕೊಳವೆಯನ್ನು ಬಾಯಿಂದ ತೆಗೆದಳು.

"ಯಾರು ಸತ್ರು?"

"ಯಾರೂ ಇಲ್ವಲ್ಲ."

"ಮತ್ಯಾಕೆ ಸಾವಿನ ಮನೆ ಮಾಟೆ ಕೊಡ್ತಿದ್ದೀಯಾ?"

ಪಕ್ಕದಲ್ಲಿ ಕೂತಿದ್ದ ಚೀಚಾ ಕಿಸಕ್ಕೆಂದಳು. "ಮದುವೆಗೆ ಸಕ್ಕರೆ ಕೂಡಿಡ್ತಿದ್ದಾಳೆ ಎರ್ಮಿಂಡಾ. ನಮ್ಮ ನಹುಯೆಲ್ ಮೇಲೆ ಕಣ್ಣಿದ್ರೆ ಈಗ್ಲೇ ಹೇಳ್ಬಿಡು ಯಮಿ, ಅವನು ತಿನ್ನೋದು ಜಾಸ್ತಿ."

ಯಮಿಲಾ ನಗಲು ನೋಡಿದಳು. ನಗು ಬರುವ ಬದಲು ಕಣ್ಣಲ್ಲಿ ನೀರು ಬಂತು. ಎದ್ದು ಒಲೆಯ ಹಿಂದಿನಿಂದ ಡಬ್ಬಿ ತಂದು ಅಜ್ಜಿಯ ಮಡಿಲಲ್ಲಿಟ್ಟಳು.

"ನನ್ನ ಗುಂಡಿ ಇವು. ಇಲ್ಯಾಕೆ ಬಂದ್ವು?"

"ಒಂದು ಗುಂಡಿ, ಒಂದು ಚಮಚ. ನಿನ್ನೆ ನೀನು ಕುಡಿದದ್ದು."

ಚೀಚಾಳ ನಗು ನಿಂತಿತು. ಅಜ್ಜಿ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡಳು. ಬಗ್ಗಿ ನೋಡಲಿಲ್ಲ. ಬೆರಳಿನಿಂದಲೇ ಒಂದೊಂದಾಗಿ ಡಬ್ಬಿಗೆ ಹಾಕುತ್ತ ಎಣಿಸಿದಳು. ಟಣ್, ಟಣ್, ಟಣ್. ಇಪ್ಪತ್ತಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದಳೋ ಏನೋ, ಅಲ್ಲಿ ಒಂದು ಕ್ಷಣ ನಿಂತಳು. ಮುಗಿದಿರಲಿಲ್ಲ. ಮತ್ತೆ ಶುರುಮಾಡಿದಳು.

"ಮೂವತ್ತನಾಲ್ಕು," ಎಂದಳು ಕೊನೆಗೆ. "ಐದು ಮೇಲಂಗಿಗೆ ಒಂದೇ ಒಂದು ಕಡಿಮೆ. ಇಷ್ಟೂ ನಾನೊಬ್ಳೇನಾ?"

"ನಾನೇ ಹಾಕಿದ್ದು ಅಜ್ಜಿ. ಮೂರು ವರ್ಷದಿಂದ ನಾನೇ ಹಾಕ್ತಿದ್ದೀನಿ. ನರ್ಸ್ ಕೇಳಿದಾಗ ಸ್ವಲ್ಪ ಅಂದ್ಬಿಟ್ಟೆ." ಯಮಿಲಾ ಬಿಕ್ಕಿದಳು.

"ಶ್! ಹಾಕು ಅಂತ ಕಲಿಸಿದ್ಯಾರು? ಕುಡಿದದ್ದು ಯಾರು? ನಿನ್ನ ಕೈಯಲ್ಲಿತ್ತು ಚಮಚ, ಅಷ್ಟೇ." ಅಜ್ಜಿ ಅವಳ ಮೂಗನ್ನು ತನ್ನ ಏಪ್ರನ್‌ನ ತುದಿಯಿಂದ ಒರೆಸಿದಳು. "ಕೇಕ್ ಬಿಟ್ಟೆ, ಜಾಮ್ ಬಿಟ್ಟೆ ಅಂತ ಮೆರೀತಿದ್ದೆ. ಮುಂಬಾಗಿಲಿಗೆ ಬೀಗ ಹಾಕ್ಕೊಂಡು ಹಿತ್ತಲ ಬಾಗಿಲು ತೆಗೆದಿಟ್ಟಿದ್ದೆ ನೋಡು."

ಚೀಚಾ ಮೆಲ್ಲಗೆ ಕೇಳಿದಳು, "ನಂದೆಷ್ಟು ಗುಂಡಿ ಆಗ್ಬಹುದು?"

"ನೀನು ನಿಮ್ಮನೇಲಿ ಎಣಿಸ್ಕೋ. ಇವು ನನ್ನ ಗುಂಡಿ."

ಸೋಮವಾರ ಬೆಳಿಗ್ಗೆ ಅಜ್ಜಿ ಕೇಂದ್ರದ ಮೇಜಿನ ಮೇಲೆ ಡಬ್ಬಿಯನ್ನು ಟಕ್ಕೆಂದು ಇಟ್ಟಳು. "ತಗೋಮ್ಮ. ಆವತ್ತು ಹೇಳಿದ ಸ್ವಲ್ಪ ಇದೇ."

ಗ್ರಿಸೆಲ್ಡಾಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಬೈಯಲೋ ನಗಲೋ ಎಂದು ನೋಡಿ ಎರಡನ್ನೂ ಮಾಡಿದಳು. "ಇವತ್ತಿಂದ್ಲೇ ಸೊನ್ನೆ!"

"ಸೊನ್ನೆ ಅಂದ್ರೆ ನಾಳೆ ಬಿಡ್ತೀನಿ, ನಾಡಿದ್ದು ಕದ್ದು ಕುಡೀತೀನಿ. ಹೊಲಿಗೆ ಬಿಚ್ಚೋವಾಗ ಒಂದೇ ಸಲ ಎಳೆದ್ರೆ ಬಟ್ಟೆ ಹರಿಯುತ್ತಮ್ಮ. ದಿನಕ್ಕೆ ಒಂದು ಗುಂಡಿ ತೆಗೀತೀನಿ."

"ದಿನಕ್ಕೆ ಎರಡು."

"ಒಂದೂವರೆ ಗುಂಡಿ ಎಲ್ಲೂ ಸಿಗಲ್ಲ, ಇಲ್ದಿದ್ರೆ ಒಪ್ತಿದ್ದೆ."

ಕೊನೆಗೆ ಮೊದಲ ವಾರ ದಿನಕ್ಕೆ ಎರಡೆರಡು ಕಡಿಮೆ, ಆಮೇಲೆ ಒಂದೊಂದು ಕಡಿಮೆ ಎಂದು ತೀರ್ಮಾನವಾಯಿತು. ರೋಗಿಯಂತೆ ಕುಗ್ಗದೆ, ಸಂತೆಯಲ್ಲಿ ವ್ಯಾಪಾರ ಮುಗಿಸಿದವಳ ಹಾಗೆ ಅಜ್ಜಿ ಎದ್ದು ಬಂದಳು.

ಮೊದಲ ವಾರ ಕೆಟ್ಟದಾಗಿತ್ತು. ಅಜ್ಜಿಗೆ ತಲೆನೋವು. ಯಂತ್ರದ ಮೇಲೆ, ಕೋಳಿಗಳ ಮೇಲೆ, ಅಮ್ಮನ ಮೇಲೆ ಸಿಟ್ಟು. ಬೆಳಿಗ್ಗೆ ಡಬ್ಬಿಯಲ್ಲಿ ಆ ದಿನದ ಗುಂಡಿ ಇರುತ್ತಿದ್ದವು. ಒಂದು ಚಮಚಕ್ಕೆ ಒಂದು ಹೊರಗೆ. ಡಬ್ಬಿ ಖಾಲಿಯಾದ ಮೇಲೆ ಕಹಿ. ಒಂದು ದಿನ ಸಂಜೆ ಡಬ್ಬಿಯಲ್ಲಿ ಇರಬೇಕಾದ್ದಕ್ಕಿಂತ ಮೂರು ಗುಂಡಿ ಹೆಚ್ಚಿದ್ದವು.

"ಅಜ್ಜೀ!"

"ಏನು? ಕಣ್ಣು ಕಾಣಲ್ಲ ಪುಟ್ಟಿ, ಕೈ ತಪ್ಪಿ ಬಿದ್ದಿರ್ಬೇಕು."

ಯಮಿಲಾ ಮೂರನ್ನೂ ಎತ್ತಿ ಜೇಬಿಗೆ ಹಾಕಿಕೊಂಡಳು. ಅಜ್ಜಿ ಗೊಣಗಿದಳೇ ಹೊರತು ಬೇಡ ಅನ್ನಲಿಲ್ಲ.

ಯಮಿಲಾ ತನ್ನ ಚಮಚವನ್ನೂ ಬಿಟ್ಟಳು. ಅಜ್ಜಿಯ ಎದುರು ಕೂತು ತಾನು ಸಿಹಿ ಕುಡಿಯುವುದು ಅವಳಿಂದಾಗಲಿಲ್ಲ. ಹಸಿವಾಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಒಂದು ಮೊಟ್ಟೆ ಬೇಯಿಸಿಕೊಂಡು ರೊಟ್ಟಿಯ ಜೊತೆ ತಿಂದು ಹೋಗತೊಡಗಿದಳು. ಗಣಿತದ ಹೊತ್ತಿಗೆ ಈಗಲೂ ಬೇಜಾರೇ, ಆದರೆ ನಿದ್ದೆ ಬರುತ್ತಿರಲಿಲ್ಲ.

ಡಬ್ಬಿಯಿಂದ ತೆಗೆದ ಗುಂಡಿಗಳು ಪೆಟ್ಟಿಗೆಗೆ ಹೋದವು. ಪೆಟ್ಟಿಗೆಯಿಂದ ಮೇಲಂಗಿಗಳಿಗೆ ಹೋದವು.

ಏಪ್ರಿಲ್ ಮಧ್ಯಕ್ಕೆ ಸೆಖೆ ಮುರಿದು ತಂಗಾಳಿ ಬಂತು. ಕೇಂದ್ರದ ಯಂತ್ರ ನೂರ ಎಂಬತ್ತೊಂದು ತೋರಿಸಿತು. ಇನ್ನೂ ಹೆಚ್ಚೇ, ಆದರೆ ಇಂಜೆಕ್ಷನ್ ಸದ್ಯಕ್ಕೆ ಬೇಡ ಎಂದಳು ಗ್ರಿಸೆಲ್ಡಾ. ಕಣ್ಣಿನ ಡಾಕ್ಟರು ಬಲಗಣ್ಣು ಸುಧಾರಿಸುತ್ತಿದೆ ಎಂದರು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ ಎಂದೂ ಹೇಳಿದರು.

ಅವತ್ತು ಸಂಜೆ ಯಮಿಲಾ ಎಂದಿನಂತೆ ಕೆಟಲ್ ಇಟ್ಟಳು. ಚೀಚಾ ಬಂದಳು, ಅರ್ಧ ಗಂಟೆ ಕೂತು ಎದ್ದಳು. ಕಹಿ ಮಾಟೆಯ ಜೊತೆ ಅವಳ ಸುದ್ದಿಯೂ ಚಿಕ್ಕದಾಗಿತ್ತು. ಅಜ್ಜಿ ಮೂರು ಸುತ್ತು ಕುಡಿದಳು. ಪ್ರತಿ ಸುತ್ತಿಗೂ ಮುಖ ಸಣ್ಣಗೆ ಕಿವಿಚಿಕೊಂಡಳು. ಮೂರನೆಯದನ್ನು ಹಿಂದಿರುಗಿಸುತ್ತ "ಗ್ರಾಸಿಯಾಸ್" ಎಂದಳು.

ಈ ಬೀದಿಯಲ್ಲಿ ನಿನ್ನ ಹಾಗೆ ಹುಯ್ಯುವವರಿಲ್ಲ ಎಂಬ ಮಾತು ಬರುತ್ತದೆಯೇನೋ ಎಂದು ಯಮಿಲಾ ಕಾದಳು. ಬರಲಿಲ್ಲ. ಆ ಮಾತು ಬಂದು ತಿಂಗಳಾಗಿತ್ತು.

ಅಜ್ಜಿ ಯಂತ್ರದ ಮುಂದೆ ಕೂತಳು. ಯಮಿಲಾ ಎದ್ದು ಹತ್ತಿರ ಹೋದಳು.

"ಸೂಜಿ ಕೊಡು ಅಜ್ಜಿ, ದಾರ ಪೋಣಿಸ್ತೀನಿ."

"ಬೇಡ ಪುಟ್ಟಿ. ಪೋಣಿಸ್ಕೊಂಡೆ."

ಯಮಿಲಾ ಬಗ್ಗಿ ನೋಡಿದಳು. ಹೌದು, ದಾರ ಸೂಜಿಯ ಕಣ್ಣಿನೊಳಗೇ ಇತ್ತು. ಅಜ್ಜಿ ಜೇಬು ಹೊಲಿಯತೊಡಗಿದಳು. ಮೂರು ಕಡೆ ಹೊಲಿದು, ನಾಲ್ಕನೆಯ ಕಡೆ ಬಂದಾಗ ನಿಲ್ಲಿಸಿ ದಾರ ಕತ್ತರಿಸಿದಳು.

ಯಮಿಲಾ ವಾಪಸ್ ಬಂದು ತನ್ನ ಮಣೆಯ ಮೇಲೆ ಕೂತಳು. ಚೀಚಾಳ ಅಂಗಡಿಯಿಂದ ತಂದ ಸಕ್ಕರೆ ಪೊಟ್ಟಣ ಹನ್ನೆರಡು ದಿನವಾದರೂ ಅರ್ಧ ಹಾಗೇ ಇತ್ತು. ಕೆಟಲ್‌ನಲ್ಲೂ ಅರ್ಧ ನೀರು ಉಳಿದಿತ್ತು.